ಜಾಮೀನಿನ ಹಣವೂ ಕೋರ್ಟಿನ ದಂಡವೂ

(ರೈತರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಸಹಕಾರ ಸಂಘದ ಸಾಲ, ಇವುಗಳ ಮಾತು ನಡೆಯುವ ಸಭೆಯಲ್ಲಿ ಕೋರ್ಟಿನ ಮಾತು ಏಕೆ ಬಂತು ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ತಮಗೆಲ್ಲ ಗೊತ್ತು. ವಕೀಲಿ ಮಾಡಿ ಹೊಟ್ಟೆ ಹೊರೆಯುವವನಾದರೂ ನಾನು ಆ ಗಾದೆಯನ್ನು ಅಲ್ಲಗಳೆಯಲು ಬಂದವನಲ್ಲ. ಆದರೆ ಬದುವಿನ ಜಗಳ, ಕಾಲುವೆ ನೀರಿನ ಜಗಳ, ದನ ಪೈರಿಗೆ ನುಗ್ಗಿದ ಜಗಳ ಇಲ್ಲದ ಊರು ಯಾವುದಿದೆ? ಮಾತಿಗೆ ಮಾತು ಬೆಳೆದು ಕೈ ಕೈ ಹತ್ತಿದರೆ ಮಾರನೆಯ ದಿನ ಠಾಣೆ, ಅದರ ಮಾರನೆಯ ದಿನ ಕೋರ್ಟು. ಆಗ ಮನೆಯವರು ಮೊದಲು ಹುಡುಕುವುದು ಹಣವನ್ನು. ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆಯೇ, ಬಂದರೆ ಯಾರ ಕೈಗೆ ಬರುತ್ತದೆ ಎಂದು ಕೇಳುವುದು ಕಟ್ಟಕಡೆಗೆ. ಇಂದು ಆ ಕಡೆಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಅಣ್ಣತಮ್ಮಂದಿರಿಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ತಮ್ಮನು ಬದುವಿನ ಜಗಳದಲ್ಲಿ ಪಕ್ಕದ ಹೊಲದವನಿಗೆ ನಾಲ್ಕು ಏಟು ಹಾಕಿದ. ಖಟ್ಲೆಯಾಯಿತು. ಜಾಮೀನಿಗೆಂದು ಕೋರ್ಟಿನಲ್ಲಿ ತಮ್ಮನ ಹೆಸರಿನಲ್ಲಿ 10,000 ರೂಪಾಯಿ ನಗದು ಕಟ್ಟಿದರು. ವಾಯಿದೆಯ ಮೇಲೆ ವಾಯಿದೆ ಬಿದ್ದು ಎರಡು ವರ್ಷ ಕಳೆಯಿತು. ಕೊನೆಗೆ ತಪ್ಪಿತಸ್ಥನೆಂದು ತೀರ್ಪಾಗಿ, 4,000 ರೂಪಾಯಿ ದಂಡ, ಕಟ್ಟದಿದ್ದರೆ ಒಂದು ತಿಂಗಳು ಸಾದಾ ಸಜೆ ಎಂದಾಯಿತು. ಅಣ್ಣನ ಎದೆ ಧಸಕ್ಕೆಂದಿತು. ಕೋರ್ಟು ಏಳುವುದರೊಳಗೆ ಹಣ ತರಬೇಕಲ್ಲ! ಸಂತೆಬೀದಿಯ ಸಾಹುಕಾರನಲ್ಲಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ಸಾಲ ತಂದು ಕಟ್ಟಿ, ತಮ್ಮನನ್ನು ಕರೆದುಕೊಂಡು ಊರಿಗೆ ಬಂದ. ಇವರದೇ ಆದ 10,000 ರೂಪಾಯಿ ಅದೇ ಕಟ್ಟಡದಲ್ಲಿ, ಅದೇ ಖಟ್ಲೆಯ ಲೆಕ್ಕದಲ್ಲಿ ಕುಳಿತೇ ಇತ್ತು. ಇವರು ಕೇಳಲಿಲ್ಲ; ಕೇಳದ್ದರಿಂದ ಯಾರೂ ಹೇಳಲಿಲ್ಲ. ಆ ಸಾಲ ಒಂದು ವರ್ಷ ನಿಂತರೆ ಬಡ್ಡಿಯೇ 2,400 ರೂಪಾಯಿ.

ಇದು ವಿವರಣೆಗೆಂದು ನಾನು ಕಟ್ಟಿದ ಕಥೆ. ಆದರೆ ತೀರ್ಪಿನ ದಿನ ಕೋರ್ಟಿನ ಜಗುಲಿಯ ಮೇಲೆ ಸ್ವಲ್ಪ ಹೊತ್ತು ನಿಂತರೆ ಇದರ ತುಣುಕುಗಳು ಕಿವಿಗೆ ಬೀಳುತ್ತವೆ. ಇದಕ್ಕಿಂತ ಕೆಟ್ಟದ್ದೂ ಉಂಟು. ಸಾಲ ಹುಟ್ಟದವನು ದಂಡ ಕಟ್ಟಲಾರದೆ ಜೈಲಿಗೇ ಹೋಗುತ್ತಾನೆ. ಅವನ ಹಣ ಹೊರಗೆ ಕೋರ್ಟಿನಲ್ಲಿರುತ್ತದೆ, ಅವನು ಒಳಗಿರುತ್ತಾನೆ.

ಹೀಗಾಗಲು ಕಾರಣ, ಜಾಮೀನಿನ ಹಣವೆಂದರೆ ಏನೆಂಬುದು ನಮ್ಮಲ್ಲಿ ಹಲವರಿಗೆ ಸ್ಪಷ್ಟವಾಗಿಲ್ಲ. ಕೆಲವರು ಅದನ್ನು ದೊಡ್ಡಿಯ ಹಣದಂತೆ ಭಾವಿಸುತ್ತಾರೆ. ದನವನ್ನು ದೊಡ್ಡಿಗೆ ಕೂಡಿದರೆ ಹಣ ಕಟ್ಟಿ ಬಿಡಿಸಿಕೊಂಡು ಬರುತ್ತೇವೆ. ಆ ಹಣ ಅಲ್ಲಿಗೆ ಮುಗಿಯಿತು, ಹಿಂದಕ್ಕೆ ಬರುವುದಿಲ್ಲ. ಮನುಷ್ಯನನ್ನು ಬಿಡಿಸಿದ ಹಣವೂ ಹಾಗೆಯೇ ಎಂದುಕೊಂಡು ಮರೆತುಬಿಡುತ್ತಾರೆ. ಇನ್ನು ಕೆಲವರು ಅದು ದಂಡಕ್ಕೆ ಕೊಟ್ಟ ಮುಂಗಡವೆಂದು ತಿಳಿದು, 'ಹೇಗಿದ್ದರೂ ಕಟ್ಟಿದ್ದೇವಲ್ಲ' ಎಂದು ತೀರ್ಪಿನ ದಿನ ಸುಮ್ಮನೆ ಮನೆಗೆ ಹೊರಟುಬಿಡುತ್ತಾರೆ. ಎರಡೂ ಸರಿಯಲ್ಲ.

ಜಾಮೀನಿನ ಹಣ ಒಂದು ಒತ್ತೆ. ಕರೆದ ವಾಯಿದೆಗೆ ಬರುತ್ತೇನೆ ಎಂಬ ಮಾತಿಗೆ ಇಟ್ಟ ಒತ್ತೆ. ಮಾತು ಉಳಿಸಿಕೊಂಡವನಿಗೆ ಒತ್ತೆಯ ವಸ್ತು ಹಿಂದಕ್ಕೆ ಬರಬೇಕಾದದ್ದು ನ್ಯಾಯ. ಖಟ್ಲೆಯಲ್ಲಿ ಅವನು ಗೆದ್ದನೋ ಸೋತನೋ ಎಂಬುದಕ್ಕೂ ಈ ಒತ್ತೆಗೂ ಸಂಬಂಧವಿಲ್ಲ. ಬಿಡುಗಡೆಯಾದವನಿಗೂ ಶಿಕ್ಷೆಯಾದವನಿಗೂ, ತಪ್ಪದೆ ಹಾಜರಾಗಿದ್ದರೆ, ಕಟ್ಟಿದ ಜಾಮೀನು ಹಣದ ಮೇಲೆ ಹಕ್ಕು ಉಂಟು. ದಂಡವಾದರೋ ಬೇರೆ ವಸ್ತು. ಅದು ತಪ್ಪಿಗೆ ಶಿಕ್ಷೆಯಾಗಿ ತೆರುವ ಹಣ. ತೆತ್ತ ಮೇಲೆ, ಮೇಲಿನ ಕೋರ್ಟು ಆ ಶಿಕ್ಷೆಯನ್ನು ತೆಗೆದುಹಾಕಿದ ಹೊರತು, ಹಿಂದಕ್ಕೆ ಬಾರದು.

ಜಾಮೀನೆಂದರೆ ನಗದೇ ಕಟ್ಟಬೇಕೆಂದೂ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಜಾಮೀನಿನ ಮಾತೆಲ್ಲ ಅದರ 478ರಿಂದ 496ರ ವರೆಗಿನ ಕಲಮುಗಳಲ್ಲಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ತಿರುಳು ಬಹುಮಟ್ಟಿಗೆ ಹಳೆಯದೇ. ಅದರ ಪ್ರಕಾರ ಒಬ್ಬನು ತನ್ನ ಸ್ವಂತ ಮುಚ್ಚಳಿಕೆ ಬರೆದುಕೊಟ್ಟು ಬಿಡುಗಡೆಯಾಗಬಹುದು. ಅಥವಾ ಕೋರ್ಟು ಕೇಳಿದರೆ ಮುಚ್ಚಳಿಕೆಯ ಜೊತೆಗೆ ಜಾಮೀನುದಾರರನ್ನು ಒದಗಿಸಬೇಕು. ಇವೆರಡಕ್ಕೂ ಬದಲಾಗಿ, ಕೋರ್ಟು ಒಪ್ಪಿದರೆ, ಅದು ಗೊತ್ತುಮಾಡಿದಷ್ಟು ಹಣವನ್ನು ಠೇವಣಿ ಇಡಬಹುದೆಂದು 490ನೆಯ ಕಲಮು ಹೇಳುತ್ತದೆ. ಅಂದರೆ ನಗದು ಕಟ್ಟುವುದು ಜಾಮೀನುದಾರ ಸಿಗದವನಿಗೆ ಕೊಟ್ಟ ಒಂದು ಅನುಕೂಲ, ತಲೆಯ ಮೇಲೆ ಹೊರಿಸಿದ ಹೊರೆಯಲ್ಲ. ಪಹಣಿ, ಕಂದಾಯದ ರಸೀದಿ ಇರುವ ನೆಂಟರೊಬ್ಬರು ಜಾಮೀನು ನಿಲ್ಲಲು ಸಿದ್ಧರಿದ್ದರೆ ಎತ್ತು ಮಾರಿ ನಗದು ತರಬೇಕಾದ ಅವಶ್ಯಕತೆ ಬಾರದು.

ಏನೂ ಇಲ್ಲದ ಬಡವನ ಗತಿಯೇನು ಎಂದರೆ, ಅವನಿಗೂ ದಾರಿಯುಂಟು. ಜಾಮೀನು ಕೊಡಲೇಬೇಕಾದ ಸಣ್ಣ ಅಪರಾಧಗಳಲ್ಲಿ, ಜಾಮೀನುದಾರನನ್ನು ತರಲಾರದ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ದಸ್ತಗಿರಿಯಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾಗದಿದ್ದರೆ ಅವನು ಬಡವನೆಂದು ತಿಳಿಯಲು ಅಷ್ಟೇ ಸಾಕು ಎಂದು 478ನೆಯ ಕಲಮು ಬಾಯಿಬಿಟ್ಟು ಹೇಳಿದೆ. ಮುಚ್ಚಳಿಕೆಯ ಮೊತ್ತ ವಿಪರೀತವಾಗಕೂಡದೆಂದು 484ನೆಯ ಕಲಮು ಹೇಳಿದೆ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಮೊಕದ್ದಮೆ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. ಮಧ್ಯಪ್ರದೇಶದ ಆ ಬಡವನಿಗೆ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಜಾಮೀನು ಕೇಳಿದ್ದರು. ಅವನ ಅಣ್ಣತಮ್ಮನೊಬ್ಬ ಜಾಮೀನು ನಿಲ್ಲಲು ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆಯೆಂದು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇದನ್ನು ತಳ್ಳಿಹಾಕಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಆದೇಶಿಸಿದರು. ಗಡಿಯ ತಾಲ್ಲೂಕುಗಳಲ್ಲಿ ಹೆಣ್ಣು ಕೊಟ್ಟು ತಂದಿರುವವರಿಗೆ ಈ ತೀರ್ಪು ನೆನಪಿರಲಿ. ಮಾವನ ಜಮೀನು ಪಕ್ಕದ ಜಿಲ್ಲೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅವರ ಜಾಮೀನು ಬೇಡವೆನ್ನುವುದು ತರವಲ್ಲ.

ಈಗ ಜಾಮೀನು ನಿಲ್ಲುವವರ ಮಾತು. ನಮ್ಮ ಹಳ್ಳಿಗಳಲ್ಲಿ ಜಾಮೀನೆಂದರೆ ಹೆದರಿಕೆ. ಆ ಹೆದರಿಕೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. 'ಅವನಿಗೆ ದಂಡ ಬಿದ್ದರೆ ನಾನು ಕಟ್ಟಬೇಕಾದೀತು' ಎನ್ನುತ್ತಾರಲ್ಲ, ಅದು ತಪ್ಪು. ಜಾಮೀನುದಾರನು ಹೊರುವುದು ಹಾಜರಾತಿಯ ಹೊಣೆಯನ್ನು. ಅವನ ಮನುಷ್ಯ ವಾಯಿದೆಗೆ ತಪ್ಪದೆ ಬಂದು, ಕೊನೆಗೆ ತಪ್ಪಿತಸ್ಥನೆಂದಾಗಿ ದಂಡ ಬಿದ್ದರೆ, ಆ ದಂಡ ಅಪರಾಧ ಮಾಡಿದವನದೇ ಹೊರತು ಜಾಮೀನುದಾರನದಲ್ಲ. ಸರಿಯಾದ ಅರ್ಧ ಇದು: ಅವನು ಬಾರದೆ ತಲೆ ತಪ್ಪಿಸಿಕೊಂಡರೆ ಮುಚ್ಚಳಿಕೆಯ ಮೊತ್ತ ಮುಟ್ಟುಗೋಲಾಗುತ್ತದೆ. ಆಗ ಕೋರ್ಟು ಜಾಮೀನುದಾರನಿಗೆ ನೋಟೀಸು ಕೊಟ್ಟು, ಹಣ ಕಟ್ಟು, ಇಲ್ಲವೇ ಏಕೆ ಕಟ್ಟಬಾರದೆಂದು ಕಾರಣ ಹೇಳು ಎನ್ನುತ್ತದೆ. ಆ ನೋಟೀಸನ್ನು ಸೂರಿಗೆ ಸಿಕ್ಕಿಸಿ ಸುಮ್ಮನೆ ಕೂರಬೇಡಿ. ಹೋಗಿ ಕಾರಣ ಹೇಳಿಕೊಂಡರೆ ಮೊತ್ತದಲ್ಲಿ ಒಂದಂಶವನ್ನು ಬಿಟ್ಟುಕೊಡುವ ಅಧಿಕಾರ ಕೋರ್ಟಿಗಿದೆ. ಹೋಗದಿದ್ದರೆ ದಂಡ ವಸೂಲು ಮಾಡುವಂತೆಯೇ ವಸೂಲು ಮಾಡುತ್ತಾರೆ. ವಸೂಲಾಗದೆ ಹೋದರೆ ಆರು ತಿಂಗಳವರೆಗೆ ಸಿವಿಲ್ ಜೈಲೂ ಉಂಟು.

ಜಾಮೀನು ನಿಂತ ಮೇಲೆ ಅವನ ನಡತೆಯಲ್ಲಿ ಅನುಮಾನ ಬಂದರೆ? ಊರು ಬಿಡುವ ಸನ್ನಾಹದಲ್ಲಿದ್ದಾನೆಂದು ತಿಳಿದರೆ? ಯಾವಾಗ ಬೇಕಾದರೂ ಕೋರ್ಟಿಗೆ ಅರ್ಜಿ ಕೊಟ್ಟು 'ನನ್ನನ್ನು ಜಾಮೀನಿನಿಂದ ಬಿಡಿಸಿ' ಎಂದು ಕೇಳಿಕೊಳ್ಳಬಹುದು. 489ನೆಯ ಕಲಮು ಇರುವುದು ಇದಕ್ಕೇ. ಕೋರ್ಟು ಅವನನ್ನು ಕರೆಸಿ, ಅವನು ಬಂದು ನಿಂತ ಮೇಲೆ ನಿಮ್ಮನ್ನು ಬಿಡುಗಡೆ ಮಾಡಿ, ಬೇರೆ ಜಾಮೀನುದಾರನನ್ನು ತರುವಂತೆ ಅವನಿಗೆ ಹೇಳುತ್ತದೆ. ದಾಕ್ಷಿಣ್ಯಕ್ಕೆ ಬಸುರಾಗುವ ಕಾಲ ಇದಲ್ಲ. ಸಮಯಕ್ಕೆ ಅರ್ಜಿ ಕೊಟ್ಟವನು ಹೊಲ ಉಳಿಸಿಕೊಂಡಾನು. ಇದರ ಜೊತೆಗೇ ಇನ್ನೊಂದು ಎಚ್ಚರ. ಕೋರ್ಟಿನ ಹತ್ತಿರ ಸುಳಿದಾಡುವ ದಳ್ಳಾಳಿಗಳು 'ಒಂದು ಸಹಿ ಹಾಕಿ, ಕೈಗೆ ಐನೂರು ಕೊಡುತ್ತೇವೆ' ಎಂದು ಮುಖ ಕಂಡರಿಯದವನಿಗೆ ಜಾಮೀನು ನಿಲ್ಲಿಸಲು ನೋಡುತ್ತಾರೆ. ಈ ಮೊದಲು ಎಷ್ಟು ಜನರಿಗೆ ಜಾಮೀನು ನಿಂತಿದ್ದೀರೆಂದು ಜಾಮೀನುದಾರನು ಕೋರ್ಟಿನ ಮುಂದೆ ವಿವರವಾಗಿ ಬರೆದುಕೊಡಬೇಕು. ಪಹಣಿಯನ್ನು ಬಾಡಿಗೆಗೆ ಕೊಡುವುದೂ ಒಂದೇ, ಹೊಲವನ್ನು ಜೂಜಿಗೆ ಒಡ್ಡುವುದೂ ಒಂದೇ.

ಇನ್ನು ದಂಡದ ವಿಷಯ. ಸಣ್ಣ ಜಗಳಕ್ಕೆ ನೂರಿನ್ನೂರು ದಂಡ ಬಿದ್ದೀತು ಎಂಬ ಹಳೆಯ ಎಣಿಕೆ ಈಗ ನಡೆಯುವುದಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಹೊಡೆದು ನೋವುಂಟುಮಾಡಿದ್ದಕ್ಕೆ ಹೆಚ್ಚೆಂದರೆ 1,000 ರೂಪಾಯಿ ದಂಡವಿತ್ತು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 10,000 ರೂಪಾಯಿಯ ವರೆಗೆ ಹೋಗಬಹುದು. ದಾರಿಗೆ ಅಡ್ಡಗಟ್ಟಿ ತಡೆದದ್ದಕ್ಕೆ 500 ಇದ್ದದ್ದು 5,000 ಆಗಿದೆ. 2024ರ ಜುಲೈ 1ಕ್ಕೆ ಮೊದಲು ನಡೆದ ಜಗಳಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ, ಅನಂತರದ್ದಕ್ಕೆ ಹೊಸದು. ದಂಡದ ಮೇಲ್ಮಿತಿ ಹತ್ತು ಪಟ್ಟು ಏರಿದ ಮೇಲೆ, ಆ ಹಣವನ್ನು ಎಲ್ಲಿಂದ ತರುವುದೆಂಬುದು ಮನೆಯ ವರ್ಷದ ಲೆಕ್ಕವನ್ನೇ ಅಲುಗಿಸುವ ಮಾತಾಗಿದೆ.

ಕೋರ್ಟಿನಲ್ಲಿರುವ ಜಾಮೀನು ಹಣವನ್ನು ದಂಡಕ್ಕೆ ಹೊಂದಿಸಬಹುದೇ? ಹೊಂದಿಸಬಹುದು; ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಜಾಮೀನಿನ ಅಧ್ಯಾಯದಲ್ಲಿ ಎಲ್ಲಿಯೂ, ಠೇವಣಿಯನ್ನು ದಂಡಕ್ಕೆ ಜಮಾ ಮಾಡಿಕೊಳ್ಳತಕ್ಕದ್ದು ಎಂದು ಬರೆದಿಲ್ಲ. ಹಣ ಕಟ್ಟಿದವನು ಕೇಳಿಕೊಂಡರೆ ಕೋರ್ಟು ಹಾಗೆ ಆದೇಶ ಮಾಡುವುದುಂಟು. ತೀರ್ಪಿನ ದಿನವೇ, ಸಾಧ್ಯವಾದರೆ ತೀರ್ಪು ಓದಿದ ಕೂಡಲೇ, ವಕೀಲರ ಮೂಲಕ ಒಂದು ಮೆಮೊ ಕೊಡಿಸಬೇಕು. ಅದರಲ್ಲಿ ಬರೆಯಬೇಕಾದದ್ದು ಬಹಳವೇನೂ ಇಲ್ಲ: ಇಂಥ ನಂಬರಿನ ಖಟ್ಲೆಯಲ್ಲಿ, ಇಂಥ ತಾರೀಖು, ಇಂಥ ರಸೀದಿಯ ಪ್ರಕಾರ ನಾನು ಕಟ್ಟಿರುವ ಇಷ್ಟು ನಗದು ಜಾಮೀನು ಹಣದಲ್ಲಿ ದಂಡದ ಮೊತ್ತವನ್ನು ಹೊಂದಿಸಿಕೊಂಡು, ಉಳಿದದ್ದನ್ನು ನನಗೆ ಹಿಂದಿರುಗಿಸಬೇಕು. ಇಷ್ಟೇ. ನಮ್ಮ ಲೆಕ್ಕದ ಅಣ್ಣತಮ್ಮಂದಿರು ಈ ನಾಲ್ಕು ಸಾಲು ಬರೆಸಿಕೊಟ್ಟಿದ್ದರೆ 4,000 ದಂಡ ತೀರಿ, 6,000 ರೂಪಾಯಿ ಹಿಂದಕ್ಕೆ ಬರುತ್ತಿತ್ತು. ಸಾಹುಕಾರನ ಮನೆಯ ಬಾಗಿಲು ತಟ್ಟಬೇಕಾಗಿರಲಿಲ್ಲ.

ದಂಡ ಠೇವಣಿಗಿಂತ ಹೆಚ್ಚಿದ್ದರೂ ಈ ಮೆಮೊ ವ್ಯರ್ಥವಲ್ಲ. ಏಕೆಂದರೆ, ದಂಡ ಕಟ್ಟದ್ದಕ್ಕೆ ವಿಧಿಸುವ ಸಜೆ ಕಟ್ಟಿದ ಹಣದ ಪ್ರಮಾಣದಲ್ಲಿ ಕರಗುತ್ತದೆ. 6,000 ರೂಪಾಯಿ ದಂಡ, ತಪ್ಪಿದರೆ 30 ದಿನ ಸಜೆ ಎಂದಾಗಿರಲಿ. 4,000 ಸಂದಾಯವಾದರೆ ಉಳಿದದ್ದು ಮೂರರಲ್ಲೊಂದು ಪಾಲು. ಸಜೆಯೂ ಮೂರರಲ್ಲೊಂದು ಪಾಲು, ಅಂದರೆ 10 ದಿನ. ಒಳಗೆ ಹೋದ ಮೇಲೂ ಪೂರಾ ಹಣ ಕಟ್ಟಿದ ಕ್ಷಣ ಆ ಸಜೆ ಮುಗಿಯಿತು. ಈ ಬಗೆಯ ಸಜೆಗೆ ಮಿತಿಯೂ ಉಂಟು. ಜೈಲು, ದಂಡ ಎರಡನ್ನೂ ಹೇಳಿರುವ ಅಪರಾಧದಲ್ಲಿ, ಆ ಅಪರಾಧಕ್ಕೆ ಹೇಳಿರುವ ಗರಿಷ್ಠ ಜೈಲುವಾಸದ ಕಾಲು ಭಾಗವನ್ನು ಅದು ಮೀರಕೂಡದು. ಹೊಡೆದ ಖಟ್ಲೆಗೆ ಗರಿಷ್ಠ ಒಂದು ವರ್ಷವಾದ್ದರಿಂದ, ದಂಡ ಕಟ್ಟದ್ದಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ.

ಕೈಯಲ್ಲೂ ಇಲ್ಲ, ಕೋರ್ಟಿನಲ್ಲೂ ಠೇವಣಿಯಿಲ್ಲ ಎನ್ನುವವರು ಕಂತು ಕೇಳಬೇಕು. ಬರೀ ದಂಡದ ಶಿಕ್ಷೆಯಾಗಿದ್ದರೆ, 464ನೆಯ ಕಲಮಿನಂತೆ ಕೋರ್ಟು 30 ದಿನದವರೆಗೆ ಗಡುವು ಕೊಡಬಹುದು. ಅಥವಾ ಎರಡು ಮೂರು ಕಂತು ಮಾಡಿ, ಒಂದರಿಂದ ಇನ್ನೊಂದಕ್ಕೆ 30 ದಿನ ಮೀರದಂತೆ ಕಟ್ಟಲು ಹೇಳಬಹುದು. ಅಷ್ಟರವರೆಗೆ ಸಜೆಯನ್ನು ತಡೆಹಿಡಿದು, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದು. ರಾಗಿ ಒಕ್ಕಣೆ ಮುಗಿದು ಮಾರಾಟವಾಗುವವರೆಗೆ ಹೀಗೆ ಕಾಲಾವಕಾಶ ಸಿಕ್ಕರೆ ಎಷ್ಟೋ ಉಪಕಾರ. ಆದರೆ ಬಾಯಿ ಬಿಟ್ಟು ಕೇಳಬೇಕು.

ಸಜೆಯನ್ನೇ ಅನುಭವಿಸಿಬಿಡುತ್ತೇನೆ, ದಂಡ ಕಟ್ಟುವುದಿಲ್ಲ ಎಂದು ಹಟ ಹಿಡಿಯುವವರೂ ಇದ್ದಾರೆ. ಪೂರ್ತಿ ಸಜೆ ಅನುಭವಿಸಿದವನ ಮೇಲೆ ಸಾಮಾನ್ಯವಾಗಿ ವಸೂಲಿಯ ವಾರಂಟು ಹೊರಡುವುದಿಲ್ಲ, ನಿಜ. ಆದರೆ ದಂಡದಲ್ಲಿ ಪೆಟ್ಟು ತಿಂದವನಿಗೆ ಪರಿಹಾರ ಕೊಡಬೇಕೆಂದು ಆದೇಶವಾಗಿದ್ದರೆ, ಅಥವಾ ಕೋರ್ಟು ವಿಶೇಷ ಕಾರಣ ಬರೆದಿದ್ದರೆ, ಸಜೆಯ ನಂತರವೂ ವಸೂಲಿ ಬರುತ್ತದೆ. ಆಗ ಚರಸೊತ್ತು ಜಪ್ತಿಯಾಗಬಹುದು. ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ಜಮೀನಿನ ಮೇಲೂ ಹೋಗಬಹುದು. ದಂಡಕ್ಕೂ ಜಾಮೀನಿಗೂ ಇರುವ ಇನ್ನೊಂದು ವ್ಯತ್ಯಾಸ ಇಲ್ಲಿ ಕಾಣುತ್ತದೆ. ದಂಡ ಬಿದ್ದವನು ಸತ್ತರೂ ಅವನ ಆಸ್ತಿಯ ಮೇಲಿನ ದಂಡದ ಹೊಣೆ ಹೋಗುವುದಿಲ್ಲ. ಜಾಮೀನುದಾರನು, ಮುಚ್ಚಳಿಕೆ ಮುಟ್ಟುಗೋಲಾಗುವ ಮೊದಲೇ ತೀರಿಕೊಂಡರೆ, ಅವನ ಆಸ್ತಿ ಹೊಣೆಯಿಂದ ಬಿಡುಗಡೆಯಾಗುತ್ತದೆ. ಹೆಂಡತಿ ಮಕ್ಕಳು ಹೆದರಬೇಕಾದ್ದಿಲ್ಲ.

ಹಣ ಯಾರದು ಎಂಬ ಪ್ರಶ್ನೆಗೆ ಈಗ ಬರೋಣ. ಮನೆಮನೆಯಲ್ಲಿ ಮನಸ್ತಾಪ ಹುಟ್ಟಿಸುವುದು ಇದೇ. ತಾಯಿ ತನ್ನ ಓಲೆ ಬಿಚ್ಚಿ ಕೊಡುತ್ತಾಳೆ. ಅಕ್ಕನ ಗಂಡ ಹಸು ಮಾರಿ ತರುತ್ತಾನೆ. ಕಟ್ಟುವಾಗ ಮಾತ್ರ ರಸೀದಿ ಆಪಾದಿತನ ಹೆಸರಿಗೆ ಬರುತ್ತದೆ. ಕೋರ್ಟಿಗೆ ಕಾಣುವುದು ರಸೀದಿಯ ಮೇಲಿನ ಹೆಸರು, ಓಲೆ ಕಾಣುವುದಿಲ್ಲ. ಅವನ ಹೆಸರಿನಲ್ಲಿರುವ ಹಣವನ್ನು ಅವನು ದಂಡಕ್ಕೆ ಹಾಕಿಸಿದರೆ, ಅಥವಾ ಅವನ ದಂಡಕ್ಕೆಂದು ಅದನ್ನು ಹಿಡಿದರೆ, ತಾಯಿಯ ಮಾತಿಗೆ ಕೋರ್ಟಿನಲ್ಲಿ ಬಲ ಕಡಿಮೆ. ಕೊಡುವವರು ಮೊದಲೇ ಯೋಚಿಸಬೇಕು. ಹಣ ಹೋದರೂ ಚಿಂತೆಯಿಲ್ಲ, ಹುಡುಗ ಬಿಡುಗಡೆಯಾಗಲಿ ಎಂದಿದ್ದರೆ ಅವನ ಹೆಸರಿನಲ್ಲೇ ಕಟ್ಟಿ. ದಂಡಕ್ಕೆ ಹೊಂದಿಸುವುದೂ ಸುಲಭ. ನನ್ನ ಹಣ ನನಗೆ ಬರಬೇಕು ಎಂದಿದ್ದರೆ ತಾವೇ ಜಾಮೀನುದಾರರಾಗಿ ನಿಂತು, ಕೋರ್ಟಿನ ಒಪ್ಪಿಗೆ ಪಡೆದು, ತಮ್ಮ ಹೆಸರಿನಲ್ಲಿ ನಗದು ಕಟ್ಟಿ ರಸೀದಿ ಪಡೆಯಿರಿ. ಆಗ ಅದು ತಮ್ಮ ಒತ್ತೆ. ಅವನ ದಂಡಕ್ಕೆ ಅದನ್ನು ಕೊಡುವುದೂ ಬಿಡುವುದೂ ತಮ್ಮ ಇಷ್ಟ.

ಎಲ್ಲ ದೇಶದಲ್ಲೂ ಹೀಗಿಲ್ಲ. ಅಮೆರಿಕ ದೇಶದಲ್ಲಿ ಜಾಮೀನಿನ ಹಣವನ್ನು ದಂಡಕ್ಕೂ ಶುಲ್ಕಕ್ಕೂ ಹಿಡಿದುಕೊಳ್ಳುವ ರೂಢಿ ಹಲವು ಸಂಸ್ಥಾನಗಳಲ್ಲಿದೆ. ಫ್ಲಾರಿಡಾ ಸಂಸ್ಥಾನದ ಕಾನೂನಿನಲ್ಲಂತೂ, ನಗದು ಜಾಮೀನನ್ನು ಹಿಂದಿರುಗಿಸುವ ಮೊದಲು ಆಪಾದಿತನು ಕೊಡಬೇಕಾದ ದಂಡ, ಕೋರ್ಟಿನ ಶುಲ್ಕ, ಖರ್ಚು ಎಲ್ಲವನ್ನೂ ಅದರಲ್ಲಿ ಮುರಿದುಕೊಳ್ಳಬೇಕು. ಹಣ ಕಟ್ಟಿದವರು ಆಪಾದಿತನಲ್ಲದೆ ಬೇರೆಯವರಾಗಿದ್ದರೂ ಸಾಮಾನ್ಯವಾಗಿ ಬಿಡುವಂತಿಲ್ಲ. ಹಾಗೆಂದು ನಗದು ಕಟ್ಟುವ ಕಾಗದದ ಮೇಲೆಯೇ ಎದ್ದುಕಾಣುವಂತೆ ಅಚ್ಚು ಹಾಕಿರಬೇಕೆಂದೂ ಅದೇ ಕಾನೂನು ಹೇಳುತ್ತದೆ. ಇಲಿನಾಯ್ ಸಂಸ್ಥಾನದಲ್ಲಿ ಮೊದಲು ಜಾಮೀನು ಮೊತ್ತದ ನೂರಕ್ಕೆ ಹತ್ತರಷ್ಟು ಕಟ್ಟಿಸಿಕೊಂಡು, ಕಟ್ಟಿದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಖರ್ಚಿಗೆಂದು ಇಟ್ಟುಕೊಳ್ಳುತ್ತಿದ್ದರು. 2023ರ ಸೆಪ್ಟೆಂಬರ್ 18ರಿಂದ ಅಲ್ಲಿ ಹಣದ ಜಾಮೀನನ್ನೇ ತೆಗೆದುಹಾಕಿದ್ದಾರೆ. ಮಗನ ದಂಡಕ್ಕೆ ತಾಯಿಯ ಹಣ ಮುರಿದುಕೊಳ್ಳುವ ಫ್ಲಾರಿಡಾದ ಪದ್ಧತಿ ನನಗೇನೂ ಹಿಡಿಸದು. ಆದರೆ ಕಟ್ಟುವ ಮೊದಲೇ ಅಚ್ಚುಹಾಕಿ ತಿಳಿಸುವ ಆ ಒಂದು ಕ್ರಮ ನಮ್ಮ ಕೋರ್ಟುಗಳಿಗೂ ಬಂದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ನಮ್ಮ ರಸೀದಿಯ ಹಿಂಬದಿಯಲ್ಲಿ ಕನ್ನಡದ ನಾಲ್ಕು ಸಾಲು ಇದ್ದಿದ್ದರೆ ಇವತ್ತಿನ ನನ್ನ ಭಾಷಣ ಅರ್ಧ ತಗ್ಗುತ್ತಿತ್ತು.

ನಮ್ಮಲ್ಲಿ ಸರ್ಕಾರ ನಡೆಸುವ ಕ್ರಿಮಿನಲ್ ಖಟ್ಲೆಯ ಖರ್ಚನ್ನು ಸಾಮಾನ್ಯವಾಗಿ ಆಪಾದಿತನ ಮೇಲೆ ಹಾಕುವುದಿಲ್ಲ. ಒಂದು ಅಪವಾದ ಉಂಟು. ಪೊಲೀಸರು ತಾವಾಗಿ ಕೈಹಾಕಲಾಗದ ಸಣ್ಣ ಅಪರಾಧಕ್ಕೆ ಯಾರಾದರೂ ನೇರವಾಗಿ ಕೋರ್ಟಿಗೆ ಫಿರ್ಯಾದು ಕೊಟ್ಟು ಗೆದ್ದರೆ, ಅವರ ಪ್ರೋಸೆಸ್ ಫೀ, ಸಾಕ್ಷಿಗಳ ಖರ್ಚು, ವಕೀಲರ ಫೀ ಇವುಗಳನ್ನು ಸೋತವನು ಕೊಡಬೇಕೆಂದು ಕೋರ್ಟು ಹೇಳಬಹುದು; ಕೊಡದಿದ್ದರೆ 30 ದಿನದವರೆಗೆ ಸಾದಾ ಸಜೆ. ಇದಕ್ಕೆ ಹೊರತಾಗಿ 'ಜಾಮೀನು ಹಣ ಬಿಡಿಸಲು ಇಷ್ಟು ಕಮಿಷನ್' ಎಂದು ಯಾರಾದರೂ ಕೇಳಿದರೆ, ಅದು ಕೋರ್ಟಿನ ಶುಲ್ಕವಲ್ಲ, ಅವರ ಜೇಬಿನ ಶುಲ್ಕ.

ಒತ್ತೆ ಕಳೆದುಹೋಗುವ ಮುಖ್ಯ ದಾರಿ, ವಾಯಿದೆ ತಪ್ಪಿಸುವುದು. ನಾಟಿಯ ದಿನ, ಜಾತ್ರೆಯ ದಿನ, ಮಗುವಿಗೆ ಜ್ವರ ಬಂದ ದಿನ ಹೋಗಲಾಗುವುದಿಲ್ಲ, ಎಲ್ಲರಿಗೂ ಆಗುವುದೇ. ಅಂದು ಬೆಳಗ್ಗೆಯೇ ವಕೀಲರಿಗೆ ತಿಳಿಸಿ ಗೈರುಹಾಜರಿಯ ಅರ್ಜಿ ಹಾಕಿಸಿ. ಹೇಳದೆ ಕೇಳದೆ ತಪ್ಪಿಸಿದರೆ ವಾರಂಟು, ಮುಟ್ಟುಗೋಲು. ಸಕಾರಣವಿಲ್ಲದೆ ತಪ್ಪಿಸಿಕೊಳ್ಳುವುದೇ ಬೇರೊಂದು ಅಪರಾಧ, ಅದಕ್ಕೆ ಒಂದು ವರ್ಷದವರೆಗೆ ಜೈಲು. ಮುಟ್ಟುಗೋಲಾದ ಹಣ ಸರ್ಕಾರಕ್ಕೆ ಹೋಯಿತೇ ಹೊರತು ದಂಡಕ್ಕೆ ಜಮೆಯಾಗಲಿಲ್ಲ. ಮುಂದೆ ದಂಡ ಬಿದ್ದರೆ ಅದನ್ನು ಹೊಸದಾಗಿ ಕಟ್ಟಬೇಕು. ಒಂದು ದಿನದ ನಾಟಿಗೆ 10,000 ರೂಪಾಯಿ ಕೂಲಿ ಕೊಟ್ಟಂತೆ!

ತೀರ್ಪಾದ ಮಾರನೆಯ ದಿನವೇ ಹಣ ಬರಲಿಲ್ಲವೆಂದು ಸಿಟ್ಟಾಗುವವರೂ ಇದ್ದಾರೆ. ಅದಕ್ಕೆ ಕಾರಣವುಂಟು. ಮೇಲಿನ ಕೋರ್ಟಿಗೆ ಅಪೀಲು ಹೋದರೆ ಅಲ್ಲಿಗೂ ಬರುತ್ತೇನೆಂದು ಆಪಾದಿತನಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂದು 481ನೆಯ ಕಲಮು ಹೇಳುತ್ತದೆ. ಅದು ಆರು ತಿಂಗಳು ಜಾರಿಯಲ್ಲಿರುತ್ತದೆ. ಇದಕ್ಕಾಗಿ ಕೆಲವು ಸಲ ಠೇವಣಿಯನ್ನು ಅಷ್ಟು ಕಾಲ ಹಾಗೆಯೇ ಇಟ್ಟುಕೊಳ್ಳುತ್ತಾರೆ. ತಾವೇ ಅಪೀಲು ಮಾಡುವವರಿದ್ದರೆ ಠೇವಣಿಯನ್ನು ಅವಸರಪಟ್ಟು ದಂಡಕ್ಕೆ ಹಾಕಿಸದೆ ವಕೀಲರನ್ನು ಕೇಳಿ ಮುಂದುವರಿಯಿರಿ. ಅಪೀಲು ಮುಗಿಯುವವರೆಗೆ ಶಿಕ್ಷೆಯನ್ನೇ ತಡೆಹಿಡಿಯಲು ಕೇಳಿಕೊಳ್ಳಬಹುದು. ಅವಧಿ ಮುಗಿದ ಮೇಲೆ ಮಾತ್ರ ಸುಮ್ಮನಿರಬಾರದು. ಇದು ಬ್ಯಾಂಕಿನ ಠೇವಣಿಯಲ್ಲ, ಬಡ್ಡಿ ಬೆಳೆಯುತ್ತದೆಂದು ಕಾಯುವಂತಿಲ್ಲ. ಬಹಳ ವರ್ಷ ಕೇಳದೆ ಬಿಟ್ಟ ಹಣ ಸರ್ಕಾರದ ಲೆಕ್ಕಕ್ಕೆ ಸೇರಿಹೋಗುತ್ತದೆ; ಆಮೇಲೆ ಅದನ್ನು ಹೊರಡಿಸಲು ಇನ್ನಷ್ಟು ಕಾಗದ, ಇನ್ನಷ್ಟು ಓಡಾಟ.

ವಕೀಲರಿಗೆ ಕೊಡಲು ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸುತ್ತಾರೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ವರಮಾನದ ಲೆಕ್ಕವನ್ನೇ ನೋಡುವುದಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಬರಲಾಗದವರು 15100 ಎಂಬ ನಂಬರಿಗೆ ಫೋನು ಮಾಡಬಹುದು. ಜಾಮೀನು ಸಿಕ್ಕಿಯೂ ಹಣವಿಲ್ಲದೆ, ಅಥವಾ ದಂಡ ಕಟ್ಟಲಾಗದೆ ಜೈಲಿನಲ್ಲೇ ಉಳಿದ ಬಡವರಿಗೆ ಆ ಹಣವನ್ನು ಸರ್ಕಾರವೇ ಕೊಡುವ ಕೇಂದ್ರದ ಯೋಜನೆಯೊಂದು 2023ರಲ್ಲಿ ಬಂದಿದೆ. ಎಲ್ಲ ಬಗೆಯ ಅಪರಾಧಕ್ಕೂ ಅದು ಸಲ್ಲದು; ಜಿಲ್ಲೆಯ ಸಮಿತಿ ವಿಚಾರಿಸಿ ತೀರ್ಮಾನಿಸುತ್ತದೆ. ತಮ್ಮ ಊರಿನವರು ಯಾರಾದರೂ ಹಾಗೆ ಒಳಗಿದ್ದರೆ ಸಮಿತಿಯ ಗಮನಕ್ಕೆ ತನ್ನಿ.

ತಮ್ಮಲ್ಲಿ ಯಾರ ಮನೆಯಲ್ಲಾದರೂ ತೀರ್ಪಾಗಿ ಹೋದ ಹಳೆಯ ಖಟ್ಲೆಯ ಜಾಮೀನು ರಸೀದಿ ಪೆಟ್ಟಿಗೆಯ ತಳದಲ್ಲಿ, ಪಹಣಿ ಕಟ್ಟಿನ ನಡುವೆ ಇದ್ದರೆ ಹುಡುಕಿ ತೆಗೆಯಿರಿ. ಮುಂದಿನ ಸಭೆಗೆ ಬರುವಾಗ ಅದನ್ನೂ, ತೀರ್ಪಿನ ನಕಲು ಇದ್ದರೆ ಅದನ್ನೂ ತನ್ನಿ. ನಕಲು ಇಲ್ಲದಿದ್ದರೆ ಖಟ್ಲೆಯ ನಂಬರು, ವರ್ಷ ಇಷ್ಟಾದರೂ ಬರೆದುಕೊಂಡು ಬನ್ನಿ. ಅರ್ಜಿಯನ್ನು ಇಲ್ಲಿಯೇ ಕುಳಿತು ಬರೆಯೋಣ.